ಇನ್ನೂರು ಕೆ.ಜಿ. ಬೈಕು, ಮಲೆನಾಡಿನ ಕೆಸರು: ಏನು ಬದಲಿಸಬೇಕು, ಏನು ಬೇಡ

ಮಳೆಗಾಲ ಹಿಡಿಯಿತೆಂದರೆ ಬೆಂಗಳೂರಿನ ಬೈಕ್ ಬಳಗಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ: ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ನಂಥ ತೂಕದ ಗಾಡಿಯನ್ನು ಶೋರೂಮಿನಿಂದ ತಂದ ಹಾಗೇ ಸಕಲೇಶಪುರ, ಮೂಡಿಗೆರೆ ಕಡೆಯ ಎಸ್ಟೇಟ್ ದಾರಿಗೆ ಇಳಿಸಬಹುದಾ? ಕೆಸರು ಎಷ್ಟು ಆಳ ಅನ್ನೋದರ ಮೇಲಿದೆ. ಶೂ ಮುಳುಗುವಷ್ಟಿದ್ದರೆ ಟೈರಿನ ಗಾಳಿ ಇಳಿಸಿ, ಪಕ್ಕದ ಡಬ್ಬಿಗಳನ್ನು ಕಳಚಿಟ್ಟರೆ ಸಾಕು. ಮೀನಖಂಡದ ಅರ್ಧಕ್ಕೆ ಬರುವಂತಿದ್ದರೆ ಟೈರ್ ಬದಲಿಸದೆ ಹೋಗಬೇಡಿ. ಚಕ್ರದ ನಡುವಿನ ಹಬ್ ಮುಟ್ಟುವ ಕೆಸರಿನಲ್ಲಿ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಯನ್ನೇ ತಂದು ಗಾಡಿಗೆ ಕಟ್ಟಿದರೂ ಅದು ಮುಂದೆ ಹೋಗುವುದಿಲ್ಲ.

ತೊಂದರೆ ಎಂಜಿನ್ನಿನದಲ್ಲ. ಹಿಮಾಲಯನ್ 450ರಲ್ಲಿ 40 ಪಿಎಸ್ ಶಕ್ತಿ, 40 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) ಇದೆ. ಎಸ್ಟೇಟಿನ ರೈಟರು (ಗುಮಾಸ್ತರು) ಓಡಿಸುವ ಹಳೇ ಯಮಹಾ ಆರ್‌ಎಕ್ಸ್ 100ರ ಶಕ್ತಿ ಅದರ ಮೂರರಲ್ಲೊಂದು ಪಾಲೂ ಇಲ್ಲ, ಆದರೂ ಅದೇ ಏರನ್ನು ಅದು ದಿನಾ ಹತ್ತುತ್ತದೆ. ಅದರ ತೂಕ ನೂರು ಕೆ.ಜಿ. ಆಸುಪಾಸು, ಇದರದು 196. ಹೂತರೆ ಅದನ್ನು ಒಬ್ಬರೇ ಹಿಂದೆ ಹಿಡಿದೆತ್ತಿ ಪಕ್ಕಕ್ಕೆ ಇಡುತ್ತಾರೆ, ಇದಕ್ಕೆ ಮೂರು ಜನ ಬೇಕು. ನಡುವೆ ಇರುವ ಹೀರೋ ಎಕ್ಸ್‌ಪಲ್ಸ್ 200 4ವಿ ಸುಮಾರು 160 ಕೆ.ಜಿ. ಆ 36 ಕೆ.ಜಿ. ವ್ಯತ್ಯಾಸ ಹೆದ್ದಾರಿಯಲ್ಲಿ ಗೊತ್ತೂ ಆಗುವುದಿಲ್ಲ, ಕೆಸರಿನಲ್ಲಿ ಎರಡನೇ ಸಲ ಬಿದ್ದಾಗ ಚೆನ್ನಾಗಿ ಗೊತ್ತಾಗುತ್ತದೆ.

ಆರ್‌ಎಕ್ಸ್ 100 ಟೂ ಸ್ಟ್ರೋಕ್ ಗಾಡಿ, ಹಿಮಾಲಯನ್‌ನಂಥ ಫೋರ್ ಸ್ಟ್ರೋಕಿಗೆ ಅದರದೇ ಅನುಕೂಲವೂ ಇದೆ. ಕಡಿಮೆ ವೇಗದಲ್ಲಿ ಎಳೆಯುತ್ತದೆ, ಇಳಿಜಾರಿನಲ್ಲಿ ಥ್ರಾಟಲ್ ಬಿಟ್ಟರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಹಳೆಯ ಹಿಮಾಲಯನ್ 411 ಶಕ್ತಿಯಲ್ಲಿ ಹಿಂದೆ, ಆದರೆ ಅದರ 32 ಎನ್‌ಎಂ 4,000–4,500 ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಸಿಗುತ್ತದೆ. 450ರ ಪೂರ್ತಿ ಟಾರ್ಕ್ 5,500ಕ್ಕೆ ಬರುತ್ತದೆ. ಹಾಗಾಗಿ ಜಾರು ಮಣ್ಣಿನಲ್ಲಿ ಹೊಸಬರಿಗೆ 411 ಹೆಚ್ಚು ಸಾಧು ಗಾಡಿ.

ಮೊದಲು ಪುಕ್ಕಟೆ ಕೆಲಸ

ತೂಕ ಇಳಿಸಿ. ಉಳಿದುಕೊಳ್ಳುವ ಹೋಮ್‌ಸ್ಟೇಯಲ್ಲೇ ಕಬ್ಬಿಣದ ಡಬ್ಬಿಗಳನ್ನು ಬಿಟ್ಟುಹೋಗಿ. ಅವುಗಳ ಭಾರಕ್ಕಿಂತ ಅಗಲ ದೊಡ್ಡ ಕಾಟ: ಕಿರುದಾರಿಯಲ್ಲಿ ಪಕ್ಕದ ಮಣ್ಣಿನ ದರೆಗೆ ತಗಲಿ ಗಾಡಿಯನ್ನು ಓರೆಗೆ ಎಳೆಯುತ್ತವೆ, ಬಿದ್ದಾಗ ಕಾಲು ಅದರಡಿ ಸಿಕ್ಕಿಕೊಳ್ಳುತ್ತದೆ. ಪೆಟ್ರೋಲಿಗೂ ಲೀಟರಿಗೆ ಮುಕ್ಕಾಲು ಕೆ.ಜಿ. ತೂಕ. 17 ಲೀಟರಿನ ಟ್ಯಾಂಕ್ ತುಂಬಿಸಿದರೆ ಸುಮಾರು ಹನ್ನೆರಡೂವರೆ ಕೆ.ಜಿ. ಅದೂ ಗಾಡಿಯ ಮೇಲ್ಭಾಗದಲ್ಲಿ, ಅಂದರೆ ಓಲಿದಾಗ ಕೆಡವುವ ಜಾಗದಲ್ಲಿ. ಅರ್ಧ ಟ್ಯಾಂಕಿನಲ್ಲಿ ಕಾಡುದಾರಿ ಮುಗಿಯುತ್ತದೆ.

ಟಾರು ಮುಗಿದಲ್ಲಿ ನಿಲ್ಲಿಸಿ ಗಾಳಿ ಇಳಿಸಿ: ಮುಂದೆ 20, ಹಿಂದೆ 22 ಪಿಎಸ್‌ಐ. ಕಲ್ಲಿಲ್ಲದ ಬರೀ ಮಣ್ಣಾದರೆ ಎರಡೂ 18. ಟ್ಯೂಬ್ ಇರುವ ಚಕ್ರದಲ್ಲಿ ಅದಕ್ಕೂ ಕೆಳಗೆ ಹೋದರೆ ಎರಡು ಅಪಾಯ. ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿನಡಿ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಇನ್ನೊಂದು, ಟೈರ್ ರಿಮ್ಮಿನ ಮೇಲೆ ಜಾರಿ, ಟ್ಯೂಬನ್ನೂ ಎಳೆದುಕೊಂಡು ಹೋಗಿ ವಾಲ್ವ್ ಬುಡದಲ್ಲಿ ಹರಿಯುತ್ತದೆ. ವಾಲ್ವಿನ ಸಣ್ಣ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ, ಮೇಲಕ್ಕೆ ಕ್ಯಾಪಿನ ಕಡೆಗೆ ಏರಿಸಿಡಿ. ಟೈರ್ ಜಾರಿದರೆ ವಾಲ್ವ್ ಓರೆಯಾಗಿ ಕಾಣುತ್ತದೆ, ಹರಿಯುವ ಮೊದಲೇ ಗಾಳಿ ತೆಗೆದು ಸರಿ ಮಾಡಿಕೊಳ್ಳಬಹುದು. ಮರಳಿ ಟಾರು ಸಿಕ್ಕ ತಕ್ಷಣ ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿ ತುಂಬಿ. ಮೆತ್ತಗಿನ ಟೈರಿನಲ್ಲಿ ಹಾಸನದ ಹೆದ್ದಾರಿ ಹೊಡೆದರೆ ಅದು ಕಾದು ಕೆಡುತ್ತದೆ. ಕಾಲಲ್ಲಿ ಒತ್ತುವ ಪಂಪ್ ಸಾಕು. ಬ್ಯಾಟರಿಗೆ ಸಿಕ್ಕಿಸುವ ಕಂಪ್ರೆಸರ್ ಇದ್ದರೆ ಸೊಂಟ ಉಳಿಯುತ್ತದೆ ಅಷ್ಟೇ.

ಇನ್ನು ಸಸ್ಪೆನ್ಷನ್ ಕುಸಿತ, ಅಂದರೆ ನೀವು ಕೂತಾಗ ಗಾಡಿ ಎಷ್ಟು ಇಳಿಯುತ್ತದೆ ಅನ್ನೋದು. ಹೆಚ್ಚಿನವರು ಇದನ್ನು ಅಳೆಯುವುದೇ ಇಲ್ಲ. ಇಬ್ಬರ ಸಹಾಯ, ಒಂದು ಟೇಪು ಬೇಕು. ಹಿಂಚಕ್ರ ನೆಲ ಬಿಟ್ಟು ನೇತಾಡುವಂತೆ ಗಾಡಿ ಎತ್ತಿಸಿ, ಆಕ್ಸಲ್ಲಿನ ನಡುವಿನಿಂದ ನೇರ ಮೇಲಕ್ಕೆ, ಸೀಟಿನ ಕೆಳಗೆ ಚಾಕ್‌ಪೀಸಿನಲ್ಲಿ ಮಾಡಿದ ಗುರುತಿನವರೆಗೆ ಅಳೆಯಿರಿ. 620 ಮಿ.ಮೀ. ಬಂತು ಅಂದುಕೊಳ್ಳಿ. ಆಮೇಲೆ ಬೂಟು, ಜಾಕೆಟ್ಟು, ಬ್ಯಾಗಿನ ಸಮೇತ ಹತ್ತಿ, ಎರಡು ಸಲ ಕುಕ್ಕಿ ಕೂತು, ಮತ್ತೆ ಅಳೆಸಿ. 540 ಬಂದರೆ 80 ಕುಸಿದಿದೆ. ಒಟ್ಟು 200 ಮಿ.ಮೀ. ಆಡುವ ಸಸ್ಪೆನ್ಷನ್ನಿಗೆ ಅದರ ಸುಮಾರು ಮೂರನೇ ಒಂದು ಭಾಗ, ಅಂದರೆ 60ರಿಂದ 67, ಸರಿಯಾದ ಲೆಕ್ಕ. ಸಿ-ಸ್ಪ್ಯಾನರಿನಲ್ಲಿ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಬಿಗಿತ) ಬಿಗಿಸುತ್ತ ಅಲ್ಲಿಗೆ ತನ್ನಿ. ಹಿಂದೆ ಹೆಚ್ಚು ಕುಸಿದ ಗಾಡಿಯ ಮುಂಚಕ್ರ ಹಗುರಾಗಿ ಕೆಸರನ್ನು ಕಚ್ಚುವುದಿಲ್ಲ, ಹ್ಯಾಂಡಲ್ ತಿರುಗಿಸಿದರೂ ನೇರ ಹೋಗುತ್ತದೆ. ಜನ ಇದನ್ನು ಟೈರಿನ ದೋಷ ಅಂದುಕೊಂಡು ದುಡ್ಡು ಸುರಿಯುತ್ತಾರೆ. ಪೂರ್ತಿ ಬಿಗಿಸಿದರೂ 75ರ ಮೇಲೇ ನಿಂತರೆ ಮಾತ್ರ ಗಟ್ಟಿ ಸ್ಪ್ರಿಂಗ್ ಹಾಕಿಸಿ.

ಬ್ರೇಕ್, ಕ್ಲಚ್ ಲಿವರುಗಳನ್ನು ತುಸು ಕೆಳಕ್ಕೆ ತಿರುಗಿಸಿ. ನಿಂತು ಓಡಿಸುವಾಗ ಮಣಿಕಟ್ಟು ಮಡಚಬಾರದು. ಹತ್ತು ನಿಮಿಷದ ಕೆಲಸ.

ಟೈರ್

ಖರ್ಚು ಮಾಡುವುದಾದರೆ ಇಲ್ಲಿ ಮಾಡಿ. ಕಂಪನಿ ಕೊಟ್ಟ ಟೈರಿನ ಗುಬ್ಬಿಗಳು (ರಬ್ಬರಿನ ಉಬ್ಬುಗಳು) ಟಾರಿಗೂ ಆಗಬೇಕಲ್ಲ, ಅದಕ್ಕೆ ಹತ್ತಿರ ಹತ್ತಿರ ಇರುತ್ತವೆ. ಮಲೆನಾಡಿನ ಕೆಂಪು ಜೇಡಿ ಒಂದೆರಡು ಸುತ್ತಿನಲ್ಲೇ ಆ ಸಂದುಗಳನ್ನು ತುಂಬಿ ಟೈರನ್ನು ಬೋಳು ಮಾಡಿಬಿಡುತ್ತದೆ. ಗುಬ್ಬಿಗಳು ದೂರ ಇರುವ ನಾಬಿ ಟೈರಿನಲ್ಲಿ ಚಕ್ರ ತಿರುಗುವ ರಭಸಕ್ಕೆ ಮಣ್ಣು ಸಿಡಿದು ಹೋಗುತ್ತದೆ. ಒಂದಕ್ಕೇ ದುಡ್ಡಿದ್ದರೆ ಮುಂದಿನದನ್ನು ಮೊದಲು ಹಾಕಿಸಿ. ಹಿಂದಿನದು ಜಾರಿದರೆ ಗಾಡಿ ಬಾಲ ಅಲ್ಲಾಡಿಸುತ್ತದೆ, ಮುಂದಿನದು ಜಾರಿದರೆ ನೀವು ಆಗಲೇ ನೆಲದ ಮೇಲಿದ್ದೀರಿ.

ಅಳತೆ ಹೆಚ್ಚಿಸಬೇಡಿ. 450ಕ್ಕೆ ಮುಂದೆ 90/90-21, ಹಿಂದೆ 140/80-17 ಇದೆ, ಅದೇ ಇರಲಿ. ಅಗಲದ ಟೈರ್ ಕೆಸರಿನ ಮೇಲೆ ತೇಲುತ್ತದೆ ಅನ್ನುವುದು ತಪ್ಪು ಲೆಕ್ಕ. ಕಿರಿದಾದದ್ದು ಮೇಲಿನ ಲೋಳೆಯನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ, ಅಗಲದ್ದು ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್‌ಆರ್ಮಿನ ಸಂದಿಯಲ್ಲಿ ಮಣ್ಣು ತುಂಬಿಕೊಂಡು ನಿಲ್ಲುತ್ತದೆ.

ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿ.ಮೀ. ಟಾರು ಇದೆ ಅನ್ನೋದನ್ನೂ ಮರೆಯಬೇಡಿ. ಪೂರ್ತಿ ನಾಬಿ ಟೈರ್ ಆ ದಾರಿಯಲ್ಲಿ ಗುಂಯ್‌ಗುಡುತ್ತ ಬೇಗ ಸವೆಯುತ್ತದೆ. ಊರೊಳಗಿನ ಕಾಂಕ್ರೀಟ್ ರಸ್ತೆ ಒದ್ದೆಯಾಗಿದ್ದರೆ ಬ್ರೇಕ್ ಹಿಡಿದ ಮೇಲೂ ದೂರ ಹೋಗಿ ನಿಲ್ಲುತ್ತದೆ. ವರ್ಷಕ್ಕೆ ಎರಡು ಮೂರು ಸಲ ಹೋಗುವವರಿಗೆ ಅರ್ಧ ಟಾರು, ಅರ್ಧ ಮಣ್ಣಿನ ಟೈರೇ ಸರಿ. ಜೊತೆಗೆ 21 ಇಂಚಿನ ಟ್ಯೂಬ್ ಒಂದಿರಲಿ. ತೀರಾ ಅನಿವಾರ್ಯವಾದರೆ ಅದನ್ನೇ ಮಡಚಿ ಹಿಂದಿನ 17ಕ್ಕೆ ತುರುಕಿ, ನಿಧಾನಕ್ಕೆ ಪಂಕ್ಚರ್ ಅಂಗಡಿ ಮುಟ್ಟಬಹುದು.

ಮಡ್‌ಗಾರ್ಡು, ರೇಡಿಯೇಟರ್

ನಾಬಿ ಹಾಕಿಸಿದ ಮೇಲೆ ಟೈರಿಗೂ ಮುಂದಿನ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿ ನೋಡಿ. ಎರಡು ಬೆರಳು ಸಲೀಸಾಗಿ ಹೋಗಬೇಕು. ಒಂದೇ ಹೋಗುತ್ತದೆ ಅಂದರೆ ಜೇಡಿ ಅಲ್ಲಿ ಕೂತು, ಕಾಫಿ ಎಲೆ, ಹುಲ್ಲಿನ ಜೊತೆ ಸೇರಿ ಇಟ್ಟಿಗೆಯಂತೆ ಗಟ್ಟಿಯಾಗಿ ಚಕ್ರವನ್ನೇ ಹಿಡಿದುಬಿಡುತ್ತದೆ. ಇಳಿಜಾರಿನಲ್ಲಿ ಹೀಗಾದರೆ ಮುಂದಿನ ಬ್ರೇಕನ್ನು ಬೇರೆ ಯಾರೋ ಒತ್ತಿದ ಹಾಗೆ. ಬೋಲ್ಟುಗಳ ಅಡಿ 10 ಮಿ.ಮೀ. ಸ್ಪೇಸರ್ ಕೊಟ್ಟು ಎತ್ತರಿಸುವುದು ಒಳ್ಳೆಯ ಉಪಾಯ. ಬೋಲ್ಟೂ ಅಷ್ಟೇ ಉದ್ದದ್ದು ಹಾಕಿ, ಸಡಿಲವಾಗದಂತೆ ಹಿಡಿಯುವ ಲಾಕ್‌ಟೈಟ್ ಅಂಟು ಹಚ್ಚಿ. ಮಡ್‌ಗಾರ್ಡನ್ನೇ ಬಿಚ್ಚಿ ಎಸೆಯುವವರಿದ್ದಾರೆ. ಆಗ ಮಣ್ಣೆಲ್ಲ ನೇರ ರೇಡಿಯೇಟರಿಗೆ ಬಡಿಯುತ್ತದೆ.

ನೀರಿನಿಂದ ತಣಿಯುವ ಎಂಜಿನ್ನಿಗೆ ಅದೇ ದೊಡ್ಡ ಶತ್ರು. ರೇಡಿಯೇಟರಿನ ತೆಳು ತಗಡುಗಳ ಸಂದು ಮುಚ್ಚಿದರೆ ಗಾಳಿ ಹಾಯುವುದಿಲ್ಲ, ಫ್ಯಾನ್ ನಿಲ್ಲದೆ ತಿರುಗುತ್ತದೆ, ತಾಪಮಾನದ ಕಡ್ಡಿ ಮೇಲೇರುತ್ತದೆ. ನಿಲ್ಲಿಸಿ, ಎಂಜಿನ್ ಆರಿಸಿ, ಬಾಟಲಿ ನೀರನ್ನು ರೇಡಿಯೇಟರಿನ ಹಿಂದಿನಿಂದ ಮುಂದಕ್ಕೆ ಹರಿಸಿ. ಕಡ್ಡಿಯಿಂದ ಕೆರೆಯಬೇಡಿ, ಬಿಸಿಯಿರುವಾಗ ಮುಚ್ಚಳ ತೆಗೆಯಬೇಡಿ. ಕಬ್ಬಿಣದ ಜಾಲರಿ ಗಾರ್ಡು ಕಲ್ಲಿಗೆ ಮಾತ್ರ, ಕೆಸರಿಗಲ್ಲ.

ಬೇಡವಾದ ಬದಲಾವಣೆ

ಸೈಲೆನ್ಸರ್, ಕೋನ್ ಏರ್ ಫಿಲ್ಟರ್, ಎಂಜಿನ್ ಮ್ಯಾಪು (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗು) ಇವು ಮೂರೂ ಕೆಸರಿಗೆ ಸಂಬಂಧವಿಲ್ಲದ ಖರ್ಚು. ಕೋನ್ ಫಿಲ್ಟರ್ ನೀರು ಕುಡಿಯುತ್ತದೆ. ಅಬ್ಬರದ ಸೈಲೆನ್ಸರಿಗೆ ಊರು ದಾಟುವ ಮೊದಲೇ ಟ್ರಾಫಿಕ್ ಪೊಲೀಸರು ದಂಡ ಹಾಕುತ್ತಾರೆ. ಆರ್‌ಸಿಯಲ್ಲಿ ನಮೂದಾದ ವಿವರ ಬದಲಾಗುವಂಥ ಯಾವ ಮಾರ್ಪಾಡಿಗೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ.

ಚೈನು ಸುತ್ತಿಸುವ ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡಿಸುವ ಚಾಳಿ ಇದೆ. 15ರಿಂದ 14ಕ್ಕೆ ಇಳಿಸಿದರೆ ಎಳೆತ ಶೇ. 7ರಷ್ಟು ಹೆಚ್ಚುತ್ತದೆ, ಹೆದ್ದಾರಿಯಲ್ಲಿ ಎಂಜಿನ್ನೂ ಅಷ್ಟೇ ಹೆಚ್ಚು ಸುತ್ತುತ್ತದೆ. 200 ಸಿಸಿ ಗಾಡಿಗೆ ಇದರಿಂದ ಲಾಭ ಉಂಟು. 400 ಸಿಸಿ ಮೇಲಿನದಕ್ಕೆ ಎಳೆತ ಮೊದಲೇ ಬೇಕಾದಷ್ಟಿದೆ, ಇನ್ನಷ್ಟು ಕೊಟ್ಟರೆ ಚಕ್ರ ಸುಮ್ಮನೆ ಗರಗರ ತಿರುಗುತ್ತದೆ. ಸೀಟು ಎತ್ತರವಾಯಿತೆಂದು ಸಸ್ಪೆನ್ಷನ್ ಇಳಿಸುವುದೂ ಬೇಡ, ಗಾಡಿಯ ಹೊಟ್ಟೆ ಜೀಪಿನ ಜಾಡಿನ ನಡುವಿನ ದಿಬ್ಬಕ್ಕೆ ಕೂತುಬಿಡುತ್ತದೆ.

ಓಡಿಸುವಾಗ

ಹಿಂದಿನ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡಿ. ಕೆಸರಿಗೆ ಇಳಿಯುವ ಮೊದಲೇ ಎರಡನೇ ಗೇರು. ಮೊದಲನೆಯದರಲ್ಲಿ ಕೈ ಸ್ವಲ್ಪ ಹಂದಿದರೂ ಹಿಂಚಕ್ರ ಜಿಗಿದು ತಿರುಗಿ ಗುಂಡಿ ತೋಡುತ್ತದೆ. ನಿಂತು, ಮೊಣಕಾಲಿನಲ್ಲಿ ಟ್ಯಾಂಕ್ ಅದುಮಿ, ಕಣ್ಣು ಹದಿನೈದಿಪ್ಪತ್ತಡಿ ಮುಂದೆ ಇಟ್ಟು, ಒಂದೇ ಹದದ ಥ್ರಾಟಲ್. ಪಿಕಪ್ಪಿನ ಚಕ್ರದ ಜಾಡಿಗೆ ಇಳಿದರೆ ಅದರಲ್ಲೇ ಹೋಗಿ. ನಡುವೆ ಹತ್ತಿ ಹೊರಬರಲು ಹೋದ ಭಾರದ ಗಾಡಿ ಅಡ್ಡ ಬೀಳುತ್ತದೆ.

ಏರಿನಲ್ಲಿ ಅರ್ಧ ಕ್ಲಚ್ ಹಿಡಿದು ಒದ್ದಾಡುವುದು ಎರಡು ಪ್ರಯತ್ನಕ್ಕೆ ನಿಲ್ಲಲಿ. ಸುಟ್ಟ ವಾಸನೆ ಬಂತೆಂದರೆ ಹತ್ತು ನಿಮಿಷ ಬಿಡುವು ಕೊಡಿ. ಕ್ಲಚ್ ಕಾದಾಗ ಕೇಬಲ್ಲಿನ ಸಡಿಲ ಬದಲಾಗಬಹುದು, ಸಡಿಲವೇ ಇಲ್ಲದಿದ್ದರೆ ಲಿವರ್ ಬಿಟ್ಟರೂ ಪ್ಲೇಟುಗಳು ಪೂರ್ತಿ ಹಿಡಿಯದೆ ಇನ್ನಷ್ಟು ಸುಡುತ್ತವೆ. ಲಿವರಿನ ಬುಡದಲ್ಲಿ 2–3 ಮಿ.ಮೀ. ಆಟ ಉಳಿದಿದೆಯೇ ನೋಡಿ, ಇಲ್ಲದಿದ್ದರೆ ಅಲ್ಲೇ ತಿರುಪಿ ಬಿಡಿಸಿಕೊಳ್ಳಿ.

ಹೂತರೆ ಥ್ರಾಟಲ್ ತಿರುವಬೇಡಿ, ಒಂದೊಂದು ಸುತ್ತೂ ಗಾಡಿಯನ್ನು ಕೆಳಕ್ಕೇ ಒಯ್ಯುತ್ತದೆ. ಎಂಜಿನ್ ಆರಿಸಿ. ಸೈಲೆನ್ಸರ್ ಇಲ್ಲದ ಬದಿಗೆ ಗಾಡಿಯನ್ನು ಮೆಲ್ಲಗೆ ಮಲಗಿಸಿದರೆ ಚಕ್ರ ತಾನೇ ಗುಂಡಿಯಿಂದ ಮೇಲೆ ಬರುತ್ತದೆ. ಆ ಗುಂಡಿಗೆ ಕಲ್ಲು, ಒಣ ಕಡ್ಡಿ ತುಂಬಿ, ಹಿಂಬದಿಯನ್ನು ಎಳೆದು ಒಂದಡಿ ಪಕ್ಕಕ್ಕೆ ಸರಿಸಿ, ಆಮೇಲೆ ಎತ್ತಿ. ಎತ್ತುವಾಗ ಹ್ಯಾಂಡಲ್ ನೆಲದ ಕಡೆಗೆ ಪೂರ್ತಿ ತಿರುಗಿರಲಿ, ಗಾಡಿಗೆ ಬೆನ್ನು ಕೊಟ್ಟು, ಸೀಟಿನ ಅಂಚಿಗೆ ಕುಂಡೆ ಒತ್ತಿ, ಕಾಲಿನ ಬಲದಲ್ಲಿ ಸಣ್ಣ ಹೆಜ್ಜೆ ಇಡುತ್ತ ಹಿಂದಕ್ಕೆ ನಡೆಯಿರಿ. ಸೊಂಟ ಬಗ್ಗಿಸಿ ಎತ್ತಲು ಹೋದವರು ಸೋಮವಾರ ಆಫೀಸಿಗೆ ರಜೆ ಹಾಕುತ್ತಾರೆ. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ಹೊರಕ್ಕೆ ಚಾಚಿಡಿ. ಎತ್ತಿದ ಮೇಲೆ ಕೀ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಬಿದ್ದದ್ದನ್ನು ಗುರುತಿಸಿದ ಸೆನ್ಸರ್ ಅಲ್ಲಿಯವರೆಗೆ ಸ್ಟಾರ್ಟ್ ಆಗಲು ಬಿಡುವುದಿಲ್ಲ.

ಹಳ್ಳದಲ್ಲಿ ಗಾಡಿ ನೀರಿಗೆ ಮಲಗಿದರೆ ಮಾತ್ರ ಸೆಲ್ಫ್ ಒತ್ತಲೇಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಅದು ಒತ್ತಿ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಏರ್ ಫಿಲ್ಟರ್ ತೆಗೆದು ನೋಡಿ, ಒದ್ದೆಯಿದ್ದರೆ ಪ್ಲಗ್ ಬಿಚ್ಚಿ ಎಂಜಿನ್ ತಿರುಗಿಸಿ ನೀರು ಉಗುಳಿಸಿ. ಆಯಿಲ್ ನೋಡುವ ಗಾಜಿನಲ್ಲಿ ಹಾಲು ಹಾಕಿದ ಕಾಫಿಯ ಬಣ್ಣ ಕಂಡರೆ ಆಯಿಲ್ ಬದಲಿಸದೆ ಓಡಿಸಬೇಡಿ.

ಮೀಸಲು ಅರಣ್ಯದೊಳಕ್ಕೆ ಅನುಮತಿಯಿಲ್ಲದೆ ಗಾಡಿ ಹೊಡೆಯುವುದು ಅಪರಾಧ, ಎಸ್ಟೇಟ್ ದಾರಿಗೆ ಮಾಲೀಕರನ್ನು ಕೇಳಿ. ಸಕಲೇಶಪುರ, ಆಲೂರು ಕಡೆ ಆನೆ ಓಡಾಟ ಇರುವುದರಿಂದ ಸಂಜೆ ಐದರೊಳಗೆ ಟಾರಿಗೆ ಬಂದಿರಿ.

ಊರಿಗೆ ಬಂದ ರಾತ್ರಿಯೇ ಗಾಡಿ ತೊಳೆಯಿರಿ, ಜೇಡಿ ಒಣಗಿದರೆ ಕಿತ್ತು ಬರುವುದಿಲ್ಲ. ವಾಟರ್ ಸರ್ವಿಸಿನವರು ಜೆಟ್ಟನ್ನು ಚಕ್ರದ ಬೇರಿಂಗ್, ಚೈನು, ರೇಡಿಯೇಟರಿಗೆ ನೇರ ಹಿಡಿಯದಂತೆ ನಿಂತು ನೋಡಿ. ಫೋರ್ಕಿನ ಧೂಳು ರಬ್ಬರನ್ನು ಸರಿಸಿ, ಒಳಗೆ ಸೇರಿದ ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ತೆಗೆಯದಿದ್ದರೆ ಕೆಲವೇ ದಿನದಲ್ಲಿ ಆಯಿಲ್ ಸೀಲ್ ಸೋರುತ್ತದೆ. ಬ್ರೇಕ್ ಪ್ಯಾಡ್ ಬಿಚ್ಚಿ ನೋಡಿ, ಒಂದೇ ದಿನದ ಕೆಸರು ಅರ್ಧ ಪ್ಯಾಡ್ ತಿಂದಿದ್ದರೂ ಆಶ್ಚರ್ಯವಿಲ್ಲ.