ಊರಲ್ಲಿ ಸಿಗದವರ ಲೆಕ್ಕ: ಕುರಿಗಾಹಿಗಳ ಅರ್ಥಶಾಸ್ತ್ರ ಮಾಡಿದ ಅನುಭವ

ಕೃಷಿ ಅರ್ಥಶಾಸ್ತ್ರ ಓದಿದ ನನ್ನ ಜೊತೆಯವರು ಪಿಎಚ್‌ಡಿಗೆ ನೀರಾವರಿ, ಕಬ್ಬು, ಬೆಳೆಸಾಲ ಅಂತ ಹೋದರು. ನಾನು ಊರೂರು ತಿರುಗುವ ಕುರಿಗಾಹಿಗಳನ್ನು ಹಿಡಿದೆ. ಅದಕ್ಕೆ ಕಾರಣ ಎಂ.ಎಸ್ಸಿ. ತರಗತಿಯಲ್ಲಿ ಕೇಳಿದ ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಅವರ 1968ರ ವಾದ. ಹುಲ್ಲುಗಾವಲು ಎಲ್ಲರದೂ ಆದರೆ ಪ್ರತಿಯೊಬ್ಬನೂ ಇನ್ನೊಂದು ದನ ಸೇರಿಸುತ್ತಾ ಹೋಗುತ್ತಾನೆ, ಕೊನೆಗೆ ಹುಲ್ಲೇ ಉಳಿಯುವುದಿಲ್ಲ ಅನ್ನುವುದು ಅದರ ಸಾರ. ಬೋರ್ಡಿನ ಮೇಲೆ ಸರಿಯಾಗಿಯೇ ಕಾಣುತ್ತಿತ್ತು. ಆದರೆ ನಮ್ಮ ಕಡೆಯ ಹಿಂಡುಗಳು ಒಂದು ಕಡೆ ನಿಲ್ಲುವುದೇ ಇಲ್ಲ. ಮೇಯುವುದೂ ಜಾಸ್ತಿ ಕೊಯ್ಲಾದ ಹೊಲದಲ್ಲಿ, ಅದೂ ಹೊಲದವನನ್ನು ಕೇಳಿಕೊಂಡೇ. ಹಾಗಾದರೆ ಆ ವಾದ ಯಾರ ಬಗ್ಗೆ?

ಶುರು ಮಾಡಿದಾಗ ಮೊದಲ ತೊಡಕು ಸಿದ್ಧಾಂತದ್ದಲ್ಲ, ಪಟ್ಟಿಯದ್ದು. ನಮ್ಮ ಸಮೀಕ್ಷೆಗಳೆಲ್ಲ ಊರಿನ ಮನೆ ಪಟ್ಟಿಯಿಂದ ಹೊರಡುತ್ತವೆ. ನಾನು ಕೆಲಸ ಮಾಡಿದ ಬಾಗಲಕೋಟೆ, ಕೊಪ್ಪಳದ ಭಾಗದಲ್ಲಿ ದೀಪಾವಳಿ ಕಳೆದ ಮೇಲೆ ಆ ಮನೆಗಳಲ್ಲಿ ಸಿಗುವವರು ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು. ಕುರಿಯೂ ಇಲ್ಲ, ಕುರಿಯವರೂ ಇಲ್ಲ. ಹಾಗಾಗಿ ಪಟ್ಟಿಯನ್ನೇ ಬಿಟ್ಟೆ. ಭತ್ತ ಕೊಯ್ದ ಗದ್ದೆಗಳಲ್ಲಿ, ವಾರದ ಕುರಿ ಸಂತೆಯಲ್ಲಿ, ಕೆರೆ ದಂಡೆಯಲ್ಲಿ ನಿಂತು ಬಂದ ಹಿಂಡುಗಳನ್ನೇ ಬರೆದುಕೊಂಡೆ. ಒಂದೇ ಹಿಂಡು ಎರಡು ಕಡೆ ಲೆಕ್ಕಕ್ಕೆ ಬರಬಾರದಲ್ವಾ, ಅದಕ್ಕೆ ಕುರಿಯ ಕಿವಿಯ ಗುರುತು, ಸಾಮಾನು ಹೊರುವ ಕುದುರೆಯ ಬಣ್ಣ ಎಲ್ಲ ಟಿಪ್ಪಣಿ ಮಾಡುತ್ತಿದ್ದೆ.

ಪ್ರಶ್ನೆ ಕೇಳುವ ರೀತಿಯೂ ಬದಲಾಯಿತು. ‘ಮೇ ಕೊನೆಯಲ್ಲಿ ಎಲ್ಲಿದ್ದಿರಿ’ ಅಂದರೆ ಉತ್ತರ ಬರುವುದಿಲ್ಲ. ‘ರೋಹಿಣಿ ಮಳಿಗೆ ಎಲ್ಲಿದ್ರಿ?’ ಅಂದರೆ ಹೊಲ, ಹೊಲದವನ ಹೆಸರು, ಕೊಟ್ಟ ಜೋಳ ಎಲ್ಲ ಬರುತ್ತದೆ. ಕುರಿ ಎಷ್ಟಿವೆ ಅಂತ ನೇರವಾಗಿ ಕೇಳಲೇಬಾರದು. ‘ಎಣಿಸಿ ಹೇಳಬಾರದ್ರಿ ಸರ, ದೃಷ್ಟಿ ಆಕ್ಕೈತಿ’ ಅಂದರು ಒಬ್ಬ ಅಜ್ಜ. ಜೊತೆಗೆ ಎಷ್ಟು ಜನ ಇದ್ದೀರಿ, ಹೋದ ವರ್ಷ ಎಷ್ಟು ಮರಿ ಮಾರಿದಿರಿ ಅಂತ ಕೇಳಿ ನಾನೇ ಅಂದಾಜು ಕಟ್ಟುತ್ತಿದ್ದೆ. ಹಿಂಡು ಒಬ್ಬನದೇ ಆಗಿರುವುದೂ ಕಡಿಮೆ. ಅದರಲ್ಲಿ ಅಣ್ಣತಮ್ಮಂದಿರ ಕುರಿ, ಪಾಲಿಗೆ ಬಿಟ್ಟವರ ಕುರಿ, ಕಾಯುವ ಹುಡುಗನಿಗೆ ಸಂಬಳವಾಗಿ ಕೊಟ್ಟ ಮರಿಗಳು ಎಲ್ಲ ಬೆರೆತಿರುತ್ತವೆ. ‘ಮಾಲೀಕ’ ಅಂತ ಒಂದೇ ಖಾನೆ ಇರುವ ಫಾರಂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ನನ್ನ ವೃತ್ತಿಯ ಬಹುಪಾಲು ಹೋಗಿದ್ದು ಒಂದೇ ಪ್ರಶ್ನೆಗೆ. ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸುವುದಕ್ಕೆ ಬೆಲೆ ಎಷ್ಟು? ರೈತ ರಾತ್ರಿಗೆ ಇಷ್ಟು ಅಂತ ದುಡ್ಡು ಕೊಡುತ್ತಾನೆ, ಇಲ್ಲವೇ ಕಾಳು. ಅದು ವ್ಯವಹಾರದ ಬೆಲೆ. ಗೊಬ್ಬರದ ಬೆಲೆ ಬೇರೆ. ಪುಸ್ತಕದ ಪ್ರಕಾರ ಹಿಕ್ಕೆಯ ಸಾರಜನಕವನ್ನು ಯೂರಿಯಾ ದರಕ್ಕೆ ಗುಣಿಸಿದರೆ ಮುಗಿಯಿತು. ಆದರೆ 45 ಕೆ.ಜಿ. ಯೂರಿಯಾ ಚೀಲ ಅಂಗಡಿಯಲ್ಲಿ 266.50 ರೂಪಾಯಿ. ಅದರ ನಿಜವಾದ ಖರ್ಚು ಹಲವು ಪಟ್ಟು, ಉಳಿದದ್ದನ್ನು ಸರ್ಕಾರ ತುಂಬುತ್ತದೆ. ಸಬ್ಸಿಡಿ ದರ ಹಿಡಿದರೆ ಕುರಿಗಾಹಿಯ ಕೆಲಸ ಅಗ್ಗವಾಗಿ ಕಾಣುತ್ತದೆ, ಪೂರ್ತಿ ದರ ಹಿಡಿದರೆ ಅದೇ ಹಿಂಡು ದೊಡ್ಡ ಗೊಬ್ಬರದ ಕಾರ್ಖಾನೆ. ಮೂತ್ರ ನೇರ ಮಣ್ಣಿಗಿಳಿಯುವುದು, ಟ್ರ್ಯಾಕ್ಟರ್ ಬಾಡಿಗೆ ಉಳಿಯುವುದು ಇದರ ಮೇಲೆ. ನಾನು ಎರಡು ದರದಲ್ಲೂ ಲೆಕ್ಕ ಮಾಡಿ ಪಕ್ಕಪಕ್ಕ ಇಡುತ್ತೇನೆ. ಒಂದು ಸಂಶೋಧನಾ ಪತ್ರಿಕೆಯ ವಿಮರ್ಶಕರು ‘ಒಂದನ್ನೇ ಆರಿಸಿ’ ಅಂದರು. ಆರಿಸಲಿಲ್ಲ. ಬೇರೆ ಪತ್ರಿಕೆಗೆ ಕಳಿಸಿದೆ.

ಉಣ್ಣೆಯ ಮಾತು ಬೇಗ ಮುಗಿಯುತ್ತದೆ. ಇಲ್ಲಿನ ಡೆಕ್ಕನಿ ತಳಿಯ ಕುರಿಯ ಒರಟು ಉಣ್ಣೆಗೆ ಕಂಬಳಿ ಬಿಟ್ಟರೆ ಬೇರೆಲ್ಲೂ ಅಷ್ಟಾಗಿ ಬೇಡಿಕೆ ಇಲ್ಲ. ಎಷ್ಟೋ ಕಡೆ ಕತ್ತರಿಸುವ ಕೂಲಿಯೂ ಅದರಿಂದ ಹುಟ್ಟುವುದಿಲ್ಲ.

ಓದಿನ ಕಡೆ ನನಗೆ ದಾರಿ ತೋರಿದ್ದು ಅರ್ಥಶಾಸ್ತ್ರಜ್ಞ ಎನ್.ಎಸ್. ಜೋಧಾ ಅವರ 1986ರ ಲೇಖನ. ಏಳು ರಾಜ್ಯಗಳ ಒಣ ಭೂಮಿಯ ಹಳ್ಳಿಗಳಲ್ಲಿ ಗೋಮಾಳ, ಕೆರೆಯಂಗಳ ಹೇಗೆ ಕರಗಿದವು, ಬಡವರ ಬದುಕು ಅವುಗಳ ಮೇಲೆ ಎಷ್ಟು ನಿಂತಿದೆ ಅಂತ ಅವರು ಲೆಕ್ಕ ಹಾಕಿ ತೋರಿಸಿದರು. ಸಮುದಾಯದ ಆಸ್ತಿಗಳ ಬಗ್ಗೆ ಕೆಲಸ ಮಾಡಿದ ಎಲಿನಾರ್ ಓಸ್ಟ್ರಾಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದ ಮೇಲೆ ಜನರೇ ಹುಲ್ಲುಗಾವಲು ಕಾಪಾಡಿಕೊಳ್ಳಬಲ್ಲರು ಅನ್ನುವ ಮಾತಿಗೆ ಸಭೆಗಳಲ್ಲಿ ಮರ್ಯಾದೆ ಸಿಕ್ಕಿತು. ಅಷ್ಟರಲ್ಲಿ ಚಳ್ಳಕೆರೆಯ ಅಮೃತ ಮಹಲ್ ಕಾವಲಿನ, ಅಂದರೆ ದನಕುರಿ ಮೇಯುವ ಹುಲ್ಲುಗಾವಲಿನ, ಸುಮಾರು 10,000 ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಗುತ್ತಿತ್ತು. ಮರ್ಯಾದೆ ಸಭೆಯಲ್ಲೇ ಉಳಿಯಿತು ಅನ್ನಿ.

ಕೀನ್ಯಾದ ತುರ್ಕಾನಾ ಪ್ರದೇಶದ ಬಗ್ಗೆ ಸಂಶೋಧಕರಾದ ಎಲ್ಲಿಸ್ ಮತ್ತು ಸ್ವಿಫ್ಟ್ 1988ರಲ್ಲಿ ಬರೆದದ್ದೂ ನನಗೆ ತುಂಬ ಕೆಲಸಕ್ಕೆ ಬಂತು. ಮಳೆ ವರ್ಷದಿಂದ ವರ್ಷಕ್ಕೆ ವಿಪರೀತ ಏರುಪೇರಾಗುವ ಕಡೆ ಹುಲ್ಲನ್ನು ನಿರ್ಧರಿಸುವುದು ಜಾನುವಾರು ಸಂಖ್ಯೆಗಿಂತ ಮಳೆಯೇ ಅನ್ನುವುದು ಅವರ ವಾದ. ಅಲ್ಲಿ ನಡೆದು ಹೋಗುವುದೇ ಜಾಣತನ. ‘ಒಂದು ಎಕರೆಗೆ ಎಷ್ಟು ಕುರಿ ಇರಬೇಕು’ ಅಂತ ಅಧಿಕಾರಿಗಳು ಕೇಳಿದಾಗಲೆಲ್ಲ ನಾನು ‘ಯಾವ ತಿಂಗಳು, ಯಾವ ಮಳೆ?’ ಅಂತ ತಿರುಗಿ ಕೇಳುತ್ತೇನೆ. ಅವರಿಗೆ ಇಷ್ಟವಾಗುವುದಿಲ್ಲ.

ಈಗ ನನ್ನ ಬಳಿ ಬರುವ ವಿದ್ಯಾರ್ಥಿಗಳಿಗೆ ಮೊದಲೇ ಹೇಳುವುದು ಹಣದ ವಿಷಯ. ಮೂರು ತಿಂಗಳ ಸಮೀಕ್ಷೆಗೆ ಅನುದಾನ ಕೇಳಬೇಡಿ, ಒಂದು ಪೂರ್ತಿ ವರ್ಷಕ್ಕೆ ಕೇಳಿ. ಇಲ್ಲದಿದ್ದರೆ ಹಿಂಡಿನ ಅರ್ಧ ದಾರಿ ಮಾತ್ರ ಕಾಣುತ್ತದೆ. 2019ರ ಜಾನುವಾರು ಗಣತಿ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿ ಇವೆ ಅಂದಿತು. ಅವುಗಳಲ್ಲಿ ಎಷ್ಟು ನಡೆದಾಡುವವು ಅಂತ ಬೇರೆ ಮಾಡಿ ಹೇಳಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಶುರುವಾದ 21ನೇ ಗಣತಿ ಮೊದಲ ಬಾರಿಗೆ ಸಂಚಾರಿ ಪಶುಪಾಲಕರ ಬಗ್ಗೆಯೂ ಮಾಹಿತಿ ಕೇಳಿದೆ. ಆ ಅಂಕಿ ಕೈಗೆ ಬಂದರೆ ನಮ್ಮ ಗದ್ದೆ-ಸಂತೆ ಅಂದಾಜಿನ ಪಕ್ಕದಲ್ಲಿಟ್ಟು ನೋಡಬೇಕು ಅಂತ ಇಬ್ಬರು ವಿದ್ಯಾರ್ಥಿಗಳು ಈಗಲೇ ಕೋಷ್ಟಕ ಬರೆದು ಕೂತಿದ್ದಾರೆ.