ಸೋಲಾರ್ ಸಬ್ಸಿಡಿಗೆ ಅರ್ಜಿ ಹಾಕುವ ಮುಂಚೆ: ಬಿಲ್ಲು, ಸ್ಟಾರು, ತಾರಸಿ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ‘ನಮ್ಮನೇಲಿ ಸೋಲಾರ್ ಇದೆ’ ಅಂದರೆ ಸಾಮಾನ್ಯವಾಗಿ ಬಿಸಿನೀರಿನ ಸೋಲಾರ್ ಎಂದೇ ಅರ್ಥ. ಇಲ್ಲಿ ಹೇಳುತ್ತಿರುವುದು ಕರೆಂಟು ಕೊಡುವ ಪ್ಯಾನೆಲ್ ಬಗ್ಗೆ. ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಶುರು ಮಾಡಿದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಇದಕ್ಕೆ 78,000 ರೂಪಾಯಿವರೆಗೆ ಸಬ್ಸಿಡಿ ಇದೆ. ತಾರಸಿಯಲ್ಲಿ ಬಿಸಿನೀರಿನ ಸೋಲಾರ್ ಕೂತಿದ್ದರೂ ಈ ಸಬ್ಸಿಡಿಗೆ ಅಡ್ಡಿಯಿಲ್ಲ. ಇದೇ ಮನೆಗೆ ಹಿಂದೆ ವಿದ್ಯುತ್ ಪ್ಯಾನೆಲ್‌ಗೆ ಸಬ್ಸಿಡಿ ಪಡೆದಿದ್ದರೆ ಮಾತ್ರ ಮತ್ತೆ ಸಿಗುವುದಿಲ್ಲ.

ಸಬ್ಸಿಡಿಗೆ ಮನೆಗೆ ಸ್ಟಾರ್ ರೇಟಿಂಗ್ ಬೇಕೇ? ಬೇಡ. ಇಂಧನ ದಕ್ಷತಾ ಬ್ಯೂರೋ, ಅಂದರೆ ಬಿಇಇ, ಮನೆಗಳಿಗೂ ಸ್ಟಾರ್ ಕೊಡುತ್ತದೆ. ಮನೆ ಕಟ್ಟುವವರಿಗಾಗಿ ಬಂದ 2018ರ ಇಂಧನ ಉಳಿತಾಯ ನಿಯಮಾವಳಿ ಇಕೋ ನಿವಾಸ ಸಂಹಿತೆಯಲ್ಲಿ ಗೋಡೆ, ಕಿಟಕಿಗಳ ಮೂಲಕ ಒಳಬರುವ ಶಾಖಕ್ಕೆ ಚದರ ಮೀಟರ್‌ಗೆ 15 ವ್ಯಾಟ್ ಎಂಬ ಮಿತಿಯೂ ಇದೆ. ಇವು ಹೊಸದಾಗಿ ಕಟ್ಟುವವರಿಗೆ ಉಪಯುಕ್ತ, ಆದರೆ ಸಬ್ಸಿಡಿಗೂ ಇವಕ್ಕೂ ಸಂಬಂಧವಿಲ್ಲ. ಹಾಗಿದ್ದರೂ ಮನೆಯ ದಕ್ಷತೆಯನ್ನು ನಾವೇ ಮೊದಲು ಅಳೆಯಬೇಕು ಎನ್ನುತ್ತೇವೆ. ಪೋಲಾಗುವ ಕರೆಂಟಿಗೂ ಸೇರಿಸಿ ಪ್ಯಾನೆಲ್ ಹಾಕಿಸಿದರೆ ಆ ಹಣ ಬೇಗ ವಾಪಸ್ ಬರುವುದಿಲ್ಲ.

ಹನ್ನೆರಡು ತಿಂಗಳ ಬಿಲ್ಲು ಹರಡಿಕೊಂಡು ಕೂರಿ

ಮೂರೂ ಜಿಲ್ಲೆಗಳು ಬೆಸ್ಕಾಂ ವ್ಯಾಪ್ತಿಯಲ್ಲಿವೆ. ಬಿಲ್ಲಿನಲ್ಲಿ ನೋಡಬೇಕಾದ್ದು ನಾಲ್ಕು: ಅಕೌಂಟ್ ಐಡಿ, ಯಾರ ಹೆಸರಿನಲ್ಲಿದೆ, ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್, ತಿಂಗಳಿಗೆ ಎಷ್ಟು ಯೂನಿಟ್. ಒಂದೇ ತಿಂಗಳ ಬಿಲ್ಲು ನೋಡಿ ತೀರ್ಮಾನಿಸಬೇಡಿ. ಏಪ್ರಿಲ್ ಬಿಲ್ಲಿಗೂ ಡಿಸೆಂಬರ್ ಬಿಲ್ಲಿಗೂ ಫ್ಯಾನಿನದೇ ದೊಡ್ಡ ವ್ಯತ್ಯಾಸ ಇರುತ್ತದೆ.

ಈಗ ಗೃಹಜ್ಯೋತಿಯ ವಿಚಾರ. ಇಲ್ಲಿ ಬಹಳ ಮನೆಗಳ ಲೆಕ್ಕ ತಪ್ಪುತ್ತದೆ. ಹೆಚ್ಚಿನ ಮನೆಗಳಿಗೆ 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದ್ದು ಉಚಿತ ಮಿತಿ. ನಿಮ್ಮ ಮಿತಿ 165 ಎಂದುಕೊಳ್ಳಿ. 160 ಯೂನಿಟ್ ಬಳಸಿದರೆ ಬಿಲ್ಲು ಸೊನ್ನೆ. 190 ಬಳಸಿದರೆ ಮೇಲಿನ 25ಕ್ಕೆ ಮಾತ್ರ ಹಣ. 205 ಬಳಸಿದರೆ ಇಡೀ 205 ಯೂನಿಟ್‌ಗೂ ಹಣ ಕಟ್ಟಬೇಕು. ಹಾಗಾಗಿ 200ರ ಗಡಿಯನ್ನು ಆಗಾಗ ದಾಟುವ ಮನೆಗೆ ಪ್ಯಾನೆಲ್‌ಗಿಂತ ಮೊದಲು ಬೇಕಿರುವುದು ಒಳ್ಳೆಯ ಫ್ಯಾನು. ಬಿಲ್ಲು ಈಗಾಗಲೇ ಸೊನ್ನೆ ಬರುತ್ತಿದ್ದರೆ ಸದ್ಯಕ್ಕೆ ಪ್ಯಾನೆಲ್‌ನಿಂದ ಉಳಿಸುವುದಕ್ಕೆ ಏನೂ ಇಲ್ಲ. ಸಾಲ ಮಾಡಿ ಹಾಕಿಸಬೇಡಿ. ಹಾಕಿಸಲೇಬೇಕು ಎನ್ನುವವರು ಪ್ಯಾನೆಲ್ ಬಂದ ಮೇಲೆ ಗೃಹಜ್ಯೋತಿಯ ಲೆಕ್ಕ ಹೇಗೆ ಎಂದು ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಬರವಣಿಗೆಯಲ್ಲೇ ಕೇಳಿ ತಿಳಿದುಕೊಂಡು ಮುಂದುವರಿಯಿರಿ.

ಮನೆಯೊಳಗಿನ ಸ್ಟಾರು

ಲೆಕ್ಕ ಸುಲಭ. ವ್ಯಾಟ್ ಅನ್ನು ಗಂಟೆಯಿಂದ ಗುಣಿಸಿ, 1000ದಿಂದ ಭಾಗಿಸಿದರೆ ಯೂನಿಟ್. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆಯುತ್ತದೆ. ಕಡಿಮೆ ಕರೆಂಟು ಎಳೆಯುವ ಮೋಟಾರಿನ 5 ಸ್ಟಾರ್ ಬಿಎಲ್‌ಡಿಸಿ ಫ್ಯಾನ್‌ಗೆ 30 ವ್ಯಾಟ್ ಸಾಕು. ನಾಲ್ಕು ಫ್ಯಾನ್ ದಿನಕ್ಕೆ 10 ಗಂಟೆ ತಿರುಗಿದರೆ ದಿನಕ್ಕೆ 1.8, ತಿಂಗಳಿಗೆ 54 ಯೂನಿಟ್ ಉಳಿತಾಯ. ಅಷ್ಟು ಕರೆಂಟು ತೆಗೆಯಲು ಅರ್ಧ ಕಿಲೋವ್ಯಾಟ್‌ನಷ್ಟು ಪ್ಯಾನೆಲ್ ಬೇಕು. ನಾಲ್ಕು ಫ್ಯಾನಿನ ಬೆಲೆ ಅದಕ್ಕಿಂತ ಕಡಿಮೆ.

2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆಗೆ 1 ಯೂನಿಟ್ ತಿನ್ನುತ್ತದೆ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ 1 ಎಚ್‌ಪಿ ಮೋಟಾರ್ ಗಂಟೆಗೆ ಹೆಚ್ಚೂಕಡಿಮೆ 1 ಯೂನಿಟ್. ಟ್ಯಾಂಕ್ ತುಂಬಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿದ್ದರೆ ಫುಟ್‌ವಾಲ್ವ್ ಸೋರುತ್ತಿರಬಹುದು, ಇಲ್ಲವೇ ಗಡಸು ನೀರಿನ ಉಪ್ಪು ಪೈಪಿನಲ್ಲಿ ಕಟ್ಟಿರಬಹುದು. ಫ್ರಿಜ್ಜಿನ ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ಕೊಳ್ಳುವಾಗ ನಕ್ಷತ್ರಕ್ಕಿಂತ ಆ ಅಂಕಿಯನ್ನು ಹೋಲಿಸಿ. ಬಿಇಇ ಮಾನದಂಡವನ್ನು ಕಾಲಕಾಲಕ್ಕೆ ಬಿಗಿ ಮಾಡುವುದರಿಂದ ಹಳೆಯ 5 ಸ್ಟಾರ್ ಇವತ್ತಿನ 5 ಸ್ಟಾರ್‌ಗೆ ಸಮವಲ್ಲ.

ಇಷ್ಟು ಸರಿಮಾಡಿ ಎರಡು ತಿಂಗಳ ಬಿಲ್ಲು ನೋಡಿ. ಆ ಹೊಸ ಅಂಕಿಯ ಮೇಲೆ ಪ್ಯಾನೆಲ್ ಅಳತೆ ಹಾಕಿ.

ಎಷ್ಟು ಕಿಲೋವ್ಯಾಟ್, ಎಷ್ಟು ಸಬ್ಸಿಡಿ

ನಮ್ಮ ಬಯಲುಸೀಮೆಯ ಬಿಸಿಲಿಗೆ 1 ಕಿಲೋವ್ಯಾಟ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್, ತಿಂಗಳಿಗೆ 120 ಯೂನಿಟ್ ಕೊಡುತ್ತದೆ. 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಪಾವಗಡದಲ್ಲಿ ಬಂದಿದ್ದೂ ಇದೇ ಬಿಸಿಲನ್ನು ನಂಬಿ. ಮಾರ್ಚ್‌ನಲ್ಲಿ ಇದಕ್ಕಿಂತ ಹೆಚ್ಚು ಬರುತ್ತದೆ, ಮೋಡ ಕವಿದ ಜುಲೈ–ಆಗಸ್ಟ್‌ನಲ್ಲಿ ಕಡಿಮೆ.

ಸಬ್ಸಿಡಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3ಕ್ಕೆ 78,000 ರೂಪಾಯಿ. 5 ಕಿಲೋವ್ಯಾಟ್ ಹಾಕಿಸಿದರೂ 78,000 ದಾಟುವುದಿಲ್ಲ. ಅಪಾರ್ಟ್‌ಮೆಂಟ್ ಸಂಘಗಳ ಸಾಮೂಹಿಕ ಬಳಕೆಗೆ ಕಿಲೋವ್ಯಾಟ್‌ಗೆ 18,000. ಪ್ಯಾನೆಲ್‌ಗಳ ಒಟ್ಟು ಸಾಮರ್ಥ್ಯ, ಪ್ಯಾನೆಲ್ ಕರೆಂಟನ್ನು ಮನೆ ಬಳಕೆಗೆ ಬದಲಿಸುವ ಇನ್ವರ್ಟರ್ ಸಾಮರ್ಥ್ಯ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಸಬ್ಸಿಡಿ ನಿಲ್ಲುತ್ತದೆ ಎಂಬುದನ್ನು ಕೊಟೇಶನ್ ನೋಡುವಾಗ ಮರೆಯಬೇಡಿ. 540 ವ್ಯಾಟ್‌ನ ಆರು ಪ್ಯಾನೆಲ್, ಅಂದರೆ 3.24 ಕಿಲೋವ್ಯಾಟ್, ಜೊತೆಗೆ 3 ಕಿಲೋವ್ಯಾಟ್ ಇನ್ವರ್ಟರ್ ಇದ್ದರೆ ಪೂರ್ತಿ 78,000. ಅದೇ 540ರ ಐದೇ ಪ್ಯಾನೆಲ್ ಕೂರಿಸಿ ‘ಇನ್ವರ್ಟರ್ 3 ಕಿಲೋವ್ಯಾಟ್ ಇದೆಯಲ್ಲ’ ಎಂದರೆ 2.7ಕ್ಕೇ ಲೆಕ್ಕ, 72,600.

ತಿಂಗಳಿಗೆ 300 ಯೂನಿಟ್ ಬಳಸುವ ಮನೆ 3 ಕಿಲೋವ್ಯಾಟ್‌ಗೆ 1,90,000 ಕೊಟ್ಟಿತೆಂದುಕೊಳ್ಳಿ. ಸಬ್ಸಿಡಿ ಕಳೆದು 1,12,000. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ತಿಂಗಳಿಗೆ 1,800 ಉಳಿತಾಯ, ಐದು ವರ್ಷದ ಸ್ವಲ್ಪ ಆಚೆಗೆ ಅಸಲು ಬಂತು. ಬಿಲ್ಲು ಸೊನ್ನೆ ಆಗುತ್ತದೆ ಎಂದು ಮಾತ್ರ ಯಾರಾದರೂ ಹೇಳಿದರೆ ನಂಬಬೇಡಿ, ಮಂಜೂರಾದ ಲೋಡಿನ ಮೇಲಿನ ನಿಗದಿತ ಶುಲ್ಕ ಇದ್ದೇ ಇರುತ್ತದೆ. ಲೈನಿಗೆ ವಾಪಸ್ ಹೋಗುವ ಹೆಚ್ಚುವರಿ ಯೂನಿಟ್‌ಗೆ ಸಿಗುವ ದರ ನಾವು ಕೊಡುವ ದರಕ್ಕಿಂತ ಕಡಿಮೆ, ಸಬ್ಸಿಡಿ ಪಡೆದವರಿಗೆ ಇನ್ನೂ ಕಡಿಮೆ. ಮಾರಿ ಲಾಭ ಮಾಡುವ ಆಸೆಯಿಂದ ದೊಡ್ಡದು ಹಾಕಿಸುವುದು ಬೇಡ.

ಅರ್ಹತೆ ಎಲ್ಲಿ ಸಿಕ್ಕಿಬೀಳುತ್ತದೆ

ಸ್ವಂತ ಮನೆ, ಪ್ಯಾನೆಲ್ ಕೂರುವ ತಾರಸಿ, ಗೃಹಬಳಕೆಯ ಮೀಟರ್ ಇರಬೇಕು. ಕೆಳಗೆ ಅಂಗಡಿ, ಮೇಲೆ ಮನೆ ಇದ್ದರೆ ಮನೆಯ ಮೀಟರ್‌ಗೆ ಮಾತ್ರ ಸಬ್ಸಿಡಿ. ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕದ ಮೀಟರ್‌ಗಾಗಲಿ, ತೋಟದ ಪಂಪ್‌ಸೆಟ್‌ಗಾಗಲಿ ಈ ಯೋಜನೆ ಅಲ್ಲ.

ಹೆಚ್ಚು ಅರ್ಜಿ ನಿಲ್ಲುವುದು ಹೆಸರಿನ ಬಳಿ. ಮೀಟರ್ ಇನ್ನೂ ತೀರಿಹೋದ ತಂದೆಯವರ ಹೆಸರಿನಲ್ಲಿ, ಬ್ಯಾಂಕ್ ಖಾತೆ ಮಗನ ಹೆಸರಿನಲ್ಲಿ, ಆಧಾರ್‌ನಲ್ಲಿ ಇನಿಷಿಯಲ್ ಹಿಂದೆಮುಂದೆ. ಸೋಲಾರ್ ಅರ್ಜಿಗೆ ಮೊದಲೇ ಖಾತಾ, ಹಳ್ಳಿಯಾದರೆ ಇ-ಸ್ವತ್ತು ನಮೂನೆ, ಮರಣ ಪ್ರಮಾಣಪತ್ರ ತೆಗೆದುಕೊಂಡು ಉಪವಿಭಾಗದಲ್ಲಿ ಮೀಟರ್ ಹೆಸರು ಬದಲಾಯಿಸಿಕೊಳ್ಳಿ. ಅಣ್ಣತಮ್ಮಂದಿರ ಜಂಟಿ ಮನೆಯಾದರೆ ಉಳಿದವರ ಒಪ್ಪಿಗೆ ಪತ್ರ ಬರೆಸಿಟ್ಟುಕೊಳ್ಳಿ. ಹಳೆಯ ಬಿಲ್ಲಿನ ಬಾಕಿಯನ್ನೂ ಆಗಲೇ ತೀರಿಸಿ.

ತೋಟದ ಮನೆಯವರಿಗೆ ಒಂದು ಮಾತು. ಲೈನಿಗೆ ಜೋಡಿಸುವ ಪ್ಯಾನೆಲ್ ಕರೆಂಟು ಹೋದ ತಕ್ಷಣ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಮ್ಮ ಮನೆಯಿಂದ ಷಾಕ್ ಹೊಡೆಯಬಾರದು ಎಂದೇ ಇನ್ವರ್ಟರ್ ಹಾಗೆ ಮಾಡುತ್ತದೆ. ದಿನವಿಡೀ ಕರೆಂಟು ಕೊಡುವ ನಿರಂತರ ಜ್ಯೋತಿ ಲೈನಿರುವ ಊರೊಳಗಿನ ಮನೆಗೆ ಇದು ದೊಡ್ಡ ತೊಂದರೆಯಲ್ಲ. ಪಂಪ್‌ಸೆಟ್ ಫೀಡರ್ ಮೇಲಿರುವ ತೋಟದ ಮನೆಗೆ ಹಗಲಲ್ಲಿ ಕೆಲವೇ ಗಂಟೆ ಕರೆಂಟು ಬಂದರೆ ಬಿಸಿಲಿದ್ದೂ ಉತ್ಪಾದನೆ ಇರುವುದಿಲ್ಲ. ಒಂದು ವಾರ ಹಗಲು ಕರೆಂಟು ಇದ್ದ ಗಂಟೆಗಳನ್ನು ಬರೆದು ನೋಡಿ. ಬ್ಯಾಟರಿ ಜೊತೆಗಿನ ಹೈಬ್ರಿಡ್ ಹಾಕಿಸಬಹುದು, ಆದರೆ ಬ್ಯಾಟರಿಯ ಖರ್ಚಿಗೆ ಸಬ್ಸಿಡಿ ಇಲ್ಲ.

ತಾರಸಿ

1 ಕಿಲೋವ್ಯಾಟ್‌ಗೆ ನೆರಳಿಲ್ಲದ 100 ಚದರ ಅಡಿ ಇಟ್ಟುಕೊಳ್ಳಿ. ಮುಖ ದಕ್ಷಿಣಕ್ಕೆ, ಓರೆ 13–14 ಡಿಗ್ರಿ. ನಮ್ಮ ಅಕ್ಷಾಂಶವೂ ಅಷ್ಟೇ. ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4ಕ್ಕೆ ಮೂರು ಸಲ ಮೇಲೆ ಹತ್ತಿ ನೆರಳು ಎಲ್ಲಿ ಬೀಳುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಸಿಂಟೆಕ್ಸ್ ಟ್ಯಾಂಕು, ಬಿಸಿನೀರಿನ ಸೋಲಾರ್ ಡ್ರಮ್ಮು, ಪಕ್ಕದ ತೆಂಗಿನಮರ, ಈ ಮೂರರಲ್ಲಿ ಒಂದರ ನೆರಳಾದರೂ ಇದ್ದೇ ಇರುತ್ತದೆ. ಪ್ಯಾನೆಲ್‌ಗಳು ಸರಪಳಿಯಂತೆ ಜೋಡಿಸಿರುವುದರಿಂದ ಒಂದರ ಮೂಲೆಗೆ ಬಿದ್ದ ನೆರಳು ಇಡೀ ಸಾಲಿನ ಉತ್ಪಾದನೆಯನ್ನು ಕುಗ್ಗಿಸುತ್ತದೆ. ಪ್ಯಾನೆಲ್ ಇನ್ನೊಂದು ಕಡೆಗೆ ಸರಿಸುವುದಕ್ಕಿಂತ ಟ್ಯಾಂಕನ್ನು ಉತ್ತರದ ಮೂಲೆಗೆ ಸರಿಸುವುದು ಅಗ್ಗ.

ಆರ್‌ಸಿಸಿ ತಾರಸಿಗೆ ಡ್ರಿಲ್ ಹೊಡೆದರೆ ಮೊದಲ ಮಳೆಗೇ ಸೋರುವ ಭಯ. ತೂಕದ ಕಾಂಕ್ರೀಟ್ ಬ್ಲಾಕ್ ಮೇಲೆ ಸ್ಟ್ಯಾಂಡ್ ಕೂರಿಸಿ, ಇಲ್ಲವೇ ತೂತಿಗೆ ಅಂಟು ತುಂಬಿ ಬೋಲ್ಟ್ ಕೂರಿಸುವ ಕೆಮಿಕಲ್ ಆಂಕರ್ ಹಾಕಿಸಿ ಮೇಲೆ ವಾಟರ್‌ಪ್ರೂಫಿಂಗ್ ಮಾಡಿಸಿ. ಕಲ್ಲುಚಪ್ಪಡಿ ಹೊದಿಸಿದ ಹಳೆಯ ಮನೆಯಲ್ಲಿ ಚಪ್ಪಡಿಗೆ ತೂತು ಹಾಕಲೇಬೇಡಿ, ಕಲ್ಲು ಸೀಳುತ್ತದೆ. ಅಲ್ಲಿ ಕಬ್ಬಿಣದ ತೊಲೆಯ ಭಾರ ಗೋಡೆಯ ಮೇಲೆ ಕೂರಬೇಕು. ದೊಡ್ಡ ಪ್ಯಾನೆಲ್ ಒಂದೊಂದೂ ಸುಮಾರು 28 ಕೆ.ಜಿ. ಇರುತ್ತದೆ. ಪ್ಯಾನೆಲ್ ಕೆಳಗೆ ಗಾಳಿಯಾಡಲು ಜಾಗ ಬಿಡಿ. 25 ಡಿಗ್ರಿ ಮೀರಿ ಕಾದ ಪ್ರತಿ ಡಿಗ್ರಿಗೂ ಶೇ 0.3–0.4ರಷ್ಟು ಉತ್ಪಾದನೆ ಇಳಿಯುತ್ತದೆ.

ಅರ್ಜಿಯಿಂದ ಹಣ ಬರುವವರೆಗೆ

ಪಿಎಂ ಸೂರ್ಯ ಘರ್ ರಾಷ್ಟ್ರೀಯ ಪೋರ್ಟಲ್‌ನಲ್ಲೇ ನೋಂದಾಯಿಸಿ. ವಿಳಾಸದ ಕೊನೆಗೆ ‘ಗವ್ ಡಾಟ್ ಇನ್’ ಇದೆಯೇ ನೋಡಿ, ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ರಾಜ್ಯ, ಬೆಸ್ಕಾಂ, ಅಕೌಂಟ್ ಐಡಿ ಕೊಟ್ಟು ನಿಮ್ಮ ಸ್ವಂತ ಮೊಬೈಲ್ ನಂಬರ್‌ನಿಂದಲೇ ಲಾಗಿನ್ ಮಾಡಿ. ಏಜೆಂಟ್ ನಂಬರ್ ಹಾಕಿದರೆ ಒಟಿಪಿಗೆಲ್ಲ ಅವರ ಹಿಂದೆ ಓಡಬೇಕಾಗುತ್ತದೆ. ಒಪ್ಪಿಗೆ ಬಂದ ಮೇಲೆ ಪೋರ್ಟಲ್‌ನಲ್ಲಿ ನೋಂದಾಯಿತ ವೆಂಡರ್‌ಗಳಲ್ಲಿ ಮೂವರಿಂದ ಕೊಟೇಶನ್ ತರಿಸಿ. ನೋಂದಾಯಿಸದವರಿಂದ ಹಾಕಿಸಿದರೆ ಸಬ್ಸಿಡಿ ಇಲ್ಲ.

ಕೊಟೇಶನ್‌ನಲ್ಲಿ ಇವು ಬರಹದಲ್ಲೇ ಇರಬೇಕು: ಡಿಸಿಆರ್ ಪ್ಯಾನೆಲ್, ಅಂದರೆ ಸೆಲ್ಲೂ ಮಾಡ್ಯೂಲೂ ಎರಡೂ ಭಾರತದಲ್ಲಿ ತಯಾರಾದವು, ಕರಗಿದ ಜಿಂಕ್‌ನಲ್ಲಿ ಅದ್ದಿ ಲೇಪಿಸಿದ (ಹಾಟ್ ಡಿಪ್) ಸ್ಟ್ಯಾಂಡ್, 4 ಚದರ ಮಿ.ಮೀ. ಡಿಸಿ ಕೇಬಲ್, ಡಿಸಿ (ಪ್ಯಾನೆಲ್ ಕಡೆ), ಎಸಿ (ಮನೆ ಕಡೆ), ಸಿಡಿಲು ಈ ಮೂರಕ್ಕೂ ಬೇರೆಬೇರೆ ಅರ್ಥಿಂಗ್ ಗುಂಡಿ, 5 ವರ್ಷದ ನಿರ್ವಹಣೆ. ‘ಸ್ವಲ್ಪ ಅಗ್ಗ’ ಎಂದು ಡಿಸಿಆರ್ ಅಲ್ಲದ ಪ್ಯಾನೆಲ್ ಕೊಟ್ಟರೆ ಸಬ್ಸಿಡಿ ಕೈತಪ್ಪುತ್ತದೆ. ಬಂಡೆ ನೆಲದಲ್ಲಿ ಅರ್ಥಿಂಗ್ ಗುಂಡಿಯನ್ನು ಎರಡಡಿಗೇ ನಿಲ್ಲಿಸಿಬಿಡುತ್ತಾರೆ, ಮುಚ್ಚುವ ಮುಂಚೆ ನಿಂತು ನೋಡಿ, 5 ಓಮ್ ಒಳಗೆ ಇದೆಯೇ ಎಂದು ಮೀಟರ್ ಹಿಡಿಸಿ. ಪ್ಯಾನೆಲ್ ವೈರು ಜೋಡಿಸುವ ಎಂಸಿ4 ಕನೆಕ್ಟರ್ ಎರಡೂ ಕಡೆ ಒಂದೇ ಕಂಪನಿಯದಾಗಿರಲಿ. ಬೇರೆಬೇರೆ ಇದ್ದರೆ ಸಡಿಲವಾಗಿ ಕಾದು ಕರಗುತ್ತದೆ.

ಕೆಲಸ ಮುಗಿದ ಮೇಲೆ ವಿವರ, ಫೋಟೋ ಪೋರ್ಟಲ್‌ಗೆ ಏರಿಸಿ, ಒಳಬರುವ, ಹೊರಹೋಗುವ ಯೂನಿಟ್ ಎರಡನ್ನೂ ಬೇರೆಬೇರೆ ಎಣಿಸುವ ನೆಟ್ ಮೀಟರ್‌ಗೆ ಅರ್ಜಿ ಹಾಕಬೇಕು. ಬೆಸ್ಕಾಂನವರು ಬಂದು ಪರಿಶೀಲಿಸಿ ಮೀಟರ್ ಕೂರಿಸುತ್ತಾರೆ. ಅದಕ್ಕೆ ಮುಂಚೆ ಪ್ಯಾನೆಲ್ ಆನ್ ಮಾಡಬೇಡಿ. ಕೆಲವು ಮೀಟರ್‌ಗಳು ಹೊರಗೆ ಹೋದ ಯೂನಿಟ್ಟನ್ನೂ ಬಳಕೆಯೆಂದೇ ಎಣಿಸುತ್ತವೆ. ಚಾಲನಾ ವರದಿ ಬಂದ ಮೇಲೆ ಬ್ಯಾಂಕ್ ವಿವರ ಮತ್ತು ರದ್ದು ಮಾಡಿದ ಚೆಕ್ ಏರಿಸಿದರೆ ಹಣ ನೇರ ನಿಮ್ಮ ಖಾತೆಗೆ ಬರುತ್ತದೆ. ವೆಂಡರ್‌ಗೆ ಕೊಡುವ ಹಣದಲ್ಲಿ ಕೊನೆಯ ಕಂತನ್ನು ನೆಟ್ ಮೀಟರ್ ಕೂರುವ ತನಕ ಕೈಯಲ್ಲಿಟ್ಟುಕೊಳ್ಳಿ.

ಹಾಕಿಸಿದ ಮೇಲೆ

ಮಧ್ಯಾಹ್ನ ಬಿಸಿಲಿದ್ದಾಗಲೇ ಇನ್ವರ್ಟರ್ ಪದೇಪದೇ ನಿಲ್ಲುತ್ತಿದ್ದರೆ ಪರದೆಯ ಮೇಲೆ ವೋಲ್ಟೇಜ್ ನೋಡಿ. 250 ಮೀರಿದ್ದರೆ ಒಂದೋ ಇನ್ವರ್ಟರ್‌ನಿಂದ ಮೀಟರ್‌ವರೆಗಿನ ಕೇಬಲ್ ತೆಳು, ಅಥವಾ ಲೈನಿನಲ್ಲೇ ಹೆಚ್ಚು. ಕೇಬಲ್ ದಪ್ಪ ಮಾಡಿಸಿಯೂ ನಿಲ್ಲದಿದ್ದರೆ ಆ ಅಂಕಿಯ ಫೋಟೋ ತೆಗೆದು 1912ಕ್ಕೆ ದೂರು ಕೊಡಿ.

ಕ್ರಷರ್ ಹತ್ತಿರದ ಊರುಗಳಲ್ಲಿ, ಮಣ್ಣು ರಸ್ತೆ ಪಕ್ಕದಲ್ಲಿ ಹದಿನೈದು ದಿನಕ್ಕೊಮ್ಮೆ ಪ್ಯಾನೆಲ್ ಒರೆಸಬೇಕು, ಉಳಿದ ಕಡೆ ತಿಂಗಳಿಗೊಮ್ಮೆ. ಬಿಸಿಲೇರುವ ಮುಂಚೆ, ಬೆಳಿಗ್ಗೆ 7ರೊಳಗೆ. ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಬೋರ್‌ವೆಲ್ ನೀರಿನಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಬಿಳಿ ಉಪ್ಪು ಗಾಜಿಗೆ ಕಚ್ಚುತ್ತದೆ, ಆಮೇಲೆ ಉಜ್ಜಿದರೂ ಹೋಗುವುದಿಲ್ಲ. ಹಿಡಿದಿಟ್ಟ ಮಳೆನೀರು ಬಳಸಿ, ಅದಿಲ್ಲದಿದ್ದರೆ ಬೋರ್ ನೀರಿನಲ್ಲೇ ತೊಳೆದು ತಕ್ಷಣ ರಬ್ಬರ್ ವೈಪರ್‌ನಲ್ಲಿ ಎಳೆದುಬಿಡಿ. ಪಾತ್ರೆ ತೊಳೆಯುವ ಸ್ಕ್ರಬ್ಬರ್, ಸೋಪಿನ ಪುಡಿ ತಾಗಿಸಬೇಡಿ.