ಅಪ್ಪನ ಯೆಜ್ಡಿಗೆ ಹೊಸ ವೈರಿಂಗ್

ಸಂಜೆ ನಂಜನಗೂಡಿನಿಂದ ಮೈಸೂರಿಗೆ ವಾಪಸ್ ಬರುವಾಗ ಹಾರ್ನ್ ಒತ್ತಿದರೆ ಸಾಕು, ಹೆಡ್‌ಲೈಟ್ ಆರಿದಂತೆ ಆಗುತ್ತಿತ್ತು. ಅಪ್ಪನ ಗಾಡಿ ಅದು, 1982ರ ಯೆಜ್ಡಿ 250. ಇದೇ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿ ನಮ್ಮ ಮನೆಯಲ್ಲಿ ಇನ್ನೂ ಓಡುತ್ತಿದೆ.

"6 ವೋಲ್ಟ್ ಗಾಡಿ ಅಲ್ವಾ ಸಾರ್, ಬೆಳಕು ಇಷ್ಟೇ. 12 ವೋಲ್ಟ್ ಮಾಡಿಸಿಬಿಡಿ" ಅಂದರು ಪರಿಚಯದ ಮೆಕ್ಯಾನಿಕ್. ನನಗೆ ಮನಸ್ಸು ಒಪ್ಪಲಿಲ್ಲ. ಚಿಕ್ಕವನಿದ್ದಾಗ ಇದೇ ಗಾಡಿಯ ಟ್ಯಾಂಕ್ ಮೇಲೆ ಕೂತು ರಾತ್ರಿ ಹೊತ್ತು ಎಷ್ಟೋ ಸಲ ಅಜ್ಜಿ ಊರಿಗೆ ಹೋಗಿದ್ದೇನೆ. ಆಗ ದಾರಿ ಚೆನ್ನಾಗೇ ಕಾಣುತ್ತಿತ್ತು.

ಬಿಚ್ಚುವ ಮೊದಲು ಮಲ್ಟಿಮೀಟರ್ ಹಿಡಿದೆ. ಹೆಡ್‌ಲೈಟ್ ಉರಿಯುವಾಗ ಬ್ಯಾಟರಿಯಲ್ಲಿ 6.2 ವೋಲ್ಟ್ ಇತ್ತು, ಬಲ್ಬಿನ ಹತ್ತಿರ 4.8. ಒಂದೂಕಾಲು ವೋಲ್ಟಿಗೂ ಜಾಸ್ತಿ ದಾರಿಯಲ್ಲೇ ಸೋರಿಹೋಗುತ್ತಿತ್ತು. 35 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಎಳೆದರೆ, 6 ವೋಲ್ಟಿನಲ್ಲಿ ಸುಮಾರು 6 ಎಳೆಯುತ್ತದೆ. ವೈರಿಗೆ ಎರಡರಷ್ಟು ಹೊರೆ. ಅದಕ್ಕೇ ಈ ಗಾಡಿಗಳಲ್ಲಿ ಒಂದು ಸಡಿಲ ಜಾಯಿಂಟೂ ಬೆಳಕನ್ನು ತಿಂದುಹಾಕುತ್ತದೆ.

ಸೀಟು, ಟ್ಯಾಂಕು ತೆಗೆದಾಗ ಕಂಡದ್ದು ನಲವತ್ತು ವರ್ಷದ ರಿಪೇರಿಗಳ ಗಂಟು. ಟೇಪು ಬಿಚ್ಚಿದಂತೆ ಒಳಗಿನ ಅಂಟು ಕೈಗೆ ಮೆತ್ತಿಕೊಳ್ಳುತ್ತಿತ್ತು. ಹನ್ನೊಂದು ಕಡೆ ವೈರು ಹೊಸೆದು ಟೇಪು ಸುತ್ತಿದ್ದರು. ಮನೆಯ ವೈರಿಂಗಿಗೆ ಹಾಕುವ ಒಂಟಿ ತಂತಿಯ ವೈರೂ ಎರಡು ಕಡೆ ಇತ್ತು. ಎಂಜಿನ್ ನಡುಕಕ್ಕೆ ಅಂಥ ತಂತಿ ಬಾಗಿ ಬಾಗಿ ಮುರಿಯುತ್ತದೆ. ಗಾಡಿಗೆ ಬೇಕಾದ್ದು ಸಣ್ಣ ಎಳೆಗಳ ತಾಮ್ರದ ವೈರೇ.

ಬ್ಯಾಟರಿ ಕಳಚಿಟ್ಟು, ಡೂಮ್ (ಹೆಡ್‌ಲೈಟಿನ ಗೂಡು) ಒಳಗಿನ ಸ್ವಿಚ್ಚಿನ ಫೋಟೋ ತೆಗೆದುಕೊಂಡೆ. ಆಮೇಲೆ ಒಂದೊಂದು ವೈರಿಗೂ ಪೇಪರ್ ಟೇಪ್ ಅಂಟಿಸಿ, ಗಾಡಿ ವೈರಿಂಗಿನಲ್ಲಿ ಬಳಸುವ ನಂಬರ್ ಬರೆದೆ. 30 ಅಂದರೆ ಬ್ಯಾಟರಿಯ ಪ್ಲಸ್, 31 ಅರ್ತ್ (ಕರೆಂಟು ಚಾಸಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ), 15 ಇಗ್ನಿಷನ್, 61 ಚಾರ್ಜಿಂಗ್ ದೀಪ. ವೈರಿನ ಬಣ್ಣ ನಂಬಲಿಲ್ಲ. ಇಷ್ಟು ವರ್ಷದಲ್ಲಿ ಯಾರು ಯಾವ ಬಣ್ಣ ಸೇರಿಸಿದ್ದಾರೋ!

ಹೊಸ ವೈರು, ವೈರಿನ ತುದಿಗೆ ಹಾಕುವ ಲಗ್ಗು, ಸ್ಲೀವುಗಳನ್ನು ಬೆಂಗಳೂರಿನ ಜೆಸಿ ರಸ್ತೆಯಿಂದ ತಂದೆ. ಬ್ಯಾಟರಿ, ಡೈನಮೋ, ಅರ್ತಿಗೆ 2.5 ಚದರ ಮಿಲಿಮೀಟರ್. ಹೆಡ್‌ಲೈಟು, ಹಾರ್ನಿಗೆ 1.5. ಮೀಟರ್ ದೀಪಕ್ಕೆಲ್ಲ ತೆಳುವಾದದ್ದೇ ಸಾಕು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಟ್ಟೆ. ಅದು ದೂರವಿದ್ದರೆ ನಡುವಿನ ವೈರಿಗೆ ಕಾವಲೇ ಇರುವುದಿಲ್ಲ.

ನಿಜವಾದ ಕಳ್ಳ ಸಿಕ್ಕಿದ್ದು ಅರ್ತಿನಲ್ಲಿ. ಕೆಲವು ವರ್ಷದ ಹಿಂದೆ ಚಾಸಿಗೆ ಪೇಂಟ್ ಮಾಡಿಸಿದ್ದೆವು. ಅರ್ತ್ ಬೋಲ್ಟು ಆ ಪೇಂಟಿನ ಮೇಲೇ ಕೂತಿತ್ತು! ಪೇಂಟಿನಲ್ಲಿ ಕರೆಂಟ್ ಹರಿಯುತ್ತದೆಯೇ? ಬಿಳಿ ಲೋಹ ಕಾಣುವವರೆಗೆ ಎಮೆರಿ ಪೇಪರಿನಿಂದ ಉಜ್ಜಿ, ಲಗ್ ಬಿಗಿದು, ತುಕ್ಕು ಹಿಡಿಯದಿರಲೆಂದು ಮೇಲೆ ವ್ಯಾಸಲಿನ್ ಸವರಿದೆ. ಇನ್ನೊಂದು ವಿಷಯ. ಡೂಮಿನ ಅರ್ತು ಫೋರ್ಕಿನಿಂದ ಚಾಸಿಗೆ ಬರಬೇಕಾದರೆ ಹ್ಯಾಂಡಲ್ ಕೆಳಗಿನ ಬೇರಿಂಗಿನ ಬಾಲ್‌ಗಳನ್ನು ದಾಟಬೇಕು. ಅಲ್ಲಿ ಗ್ರೀಸು ತುಂಬಿರುತ್ತದೆ. ಹಾಗಾಗಿ ಡೂಮಿನಿಂದ ಬ್ಯಾಟರಿಯವರೆಗೆ ಬೇರೆಯೇ ಒಂದು ಅರ್ತ್ ವೈರ್ ಎಳೆದೆ. ಹಳೆಯ ಗಾಡಿ ಯಾವುದೇ ಇರಲಿ, ಈ ಒಂದು ವೈರು ಹಾಕಿಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ.

ವೈರು ಹೋಗುವ ದಾರಿಯನ್ನೂ ಬದಲಿಸಿದೆ. ಮೊದಲು ವೈರುಗಳ ಕಟ್ಟು ಟ್ಯಾಂಕಿನ ತಳಕ್ಕೂ ಚಾಸಿಗೂ ನಡುವೆ ಸಿಕ್ಕಿಕೊಂಡು ಸವೆದಿತ್ತು. ಈಗ ಮೇಲಿನ ಪೈಪಿನ ಪಕ್ಕಕ್ಕೆ ಒತ್ತಿಕೊಂಡು, ಸಿಲಿಂಡರ್ ಹೆಡ್ಡಿನ ಬಿಸಿಯಿಂದ ದೂರ ಹೋಗುತ್ತದೆ. ಒಂದು ತಪ್ಪು ಮಾಡಿದೆ. ಹ್ಯಾಂಡಲ್ ನೇರವಾಗಿಟ್ಟೇ ಕಟ್ಟು ಬಿಗಿದೆ. ಬಲಕ್ಕೆ ಪೂರ್ತಿ ತಿರುಗಿಸಿದಾಗ ಹಾರ್ನ್ ವೈರು ಲಗ್ಗಿನಿಂದ ಕಿತ್ತು ಬಂತು. ಎಲ್ಲ ಬಿಚ್ಚಿ, ಹ್ಯಾಂಡಲ್ಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡಿ, ಅಷ್ಟು ಸಡಿಲ ಬಿಟ್ಟು ಮತ್ತೆ ಕಟ್ಟಿದೆ. ಟ್ಯಾಂಕ್ ಕೂರಿಸಿದ ಮೇಲೂ ಇನ್ನೊಮ್ಮೆ ತಿರುಗಿಸಿ ನೋಡಿದೆ.

ಮೂರು ಭಾನುವಾರ ಹಿಡಿಯಿತು. ಮಲ್ಟಿಮೀಟರ್ ಹಿಡಿದರೆ ಬ್ಯಾಟರಿಯಲ್ಲಿ 6.2, ಬಲ್ಬಿನಲ್ಲಿ 5.9. ಹಾರ್ನ್ ಒತ್ತಿದರೆ ಬೆಳಕು ಸ್ವಲ್ಪ ಅಲುಗುತ್ತದೆ, ಆರುವುದಿಲ್ಲ. ರೇಸ್ ಮಾಡಿದ ಕೂಡಲೇ ಚಾರ್ಜಿಂಗ್ ದೀಪ ಆರಿತು, ಅಂದರೆ ಡೈನಮೋ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿದೆ. ಅಪ್ಪ ಹೊರಗೆ ಬಂದು, ಎದುರಿನ ಗೋಡೆಯ ಮೇಲೆ ಬಿದ್ದ ಬೆಳಕನ್ನು ಸ್ವಲ್ಪ ಹೊತ್ತು ನೋಡಿದರು. "ಡಿಮ್ ಹಾಕು ನೋಡೋಣ" ಅಂದರು. ಹಾಕಿದೆ. ಹಿಂದಿನ ಮಡ್‌ಗಾರ್ಡ್ ಒಳಗೆ ಹೋಗುವ ಬ್ರೇಕ್ ಲೈಟ್ ವೈರು ಮಾತ್ರ ಇನ್ನೂ ಹಳೆಯದೇ. ಮಳೆಗಾಲ ಶುರುವಾಗುವ ಮೊದಲು ಅದನ್ನೂ ಬದಲಿಸಬೇಕು.